ಬಿಳಿ ಸೆರಗು: ಹೆಸರು ಒಂದು, ಕಾರಣ ಹಲವು

ಉತ್ತರ ಕನ್ನಡ ಜಿಲ್ಲೆಯ ಘಟ್ಟದ ಮೇಲಿನ ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡ ತಾಲ್ಲೂಕುಗಳ ಚರಿತ್ರೆಯಲ್ಲಿ ಚಳಿಜ್ವರಕ್ಕೆ ದೊಡ್ಡ ಸ್ಥಾನವಿದೆ. ಸೂಪಾ, ಹಳಿಯಾಳದ ಕಾಡು ಎಂದರೆ ಬ್ರಿಟಿಷ್ ಅಧಿಕಾರಿಗಳೂ ಹೆದರುತ್ತಿದ್ದ ಕಾಲವೊಂದಿತ್ತು. 1946ರ ಸುಮಾರಿಗೆ ಅಂದಿನ ಮುಂಬಯಿ ಪ್ರಾಂತ್ಯದ ಕೆನರಾ ಮತ್ತು ಧಾರವಾಡ ಜಿಲ್ಲೆಗಳ ಹಳ್ಳಿಗಳಲ್ಲಿ ಮನೆಯ ಗೋಡೆಗಳಿಗೆ ಡಿ.ಡಿ.ಟಿ. ಸಿಂಪಡಿಸಿ ಮಲೇರಿಯಾ ಹತೋಟಿಗೆ ತರುವ ಪ್ರಯೋಗ ನಡೆಯಿತು. ಡಾ. ಡಿ.ಕೆ. ವಿಶ್ವನಾಥನ್ ಅದರ ಮುಂದಾಳು. 1953ರಲ್ಲಿ ಇಡೀ ದೇಶದಲ್ಲಿ ಆರಂಭವಾದ ಮಲೇರಿಯಾ ನಿಯಂತ್ರಣ ಕಾರ್ಯಕ್ರಮಕ್ಕೆ ಈ ಅನುಭವ ನೆರವಾಯಿತು.

ಜ್ವರಕ್ಕೆ ಹೀಗೆ ವರದಿಗಳಿವೆ, ಅಂಕಿ ಅಂಶಗಳಿವೆ. ಆದರೆ ಇದೇ ಊರುಗಳ ಹೆಂಗಸರು ತಲೆತಲಾಂತರದಿಂದ ಸಹಿಸಿಕೊಂಡು ಬಂದ ಇನ್ನೊಂದು ತೊಂದರೆಗೆ ದಾಖಲೆಗಳಲ್ಲಿ ಜಾಗ ಸಿಕ್ಕಿದ್ದು ಕಡಿಮೆ. ಅದರಿಂದ ಸಾವು ಬರುವುದಿಲ್ಲ, ಮೈ ಕಾದು ನಡುಗುವುದಿಲ್ಲ. ತುರಿಕೆ, ಉರಿ, ಮೊಸರಿನ ಗಟ್ಟಿಯಂಥ ಬಿಳಿ ಸ್ರಾವ, ಅಷ್ಟೆ. ತಾಯಿಯ ಬಳಿ, ಅಕ್ಕನ ಬಳಿ ತಗ್ಗಿದ ದನಿಯಲ್ಲಿ ಹೇಳಿಕೊಳ್ಳುವ ಮಾತು ಅದು. ವೈದ್ಯಶಾಸ್ತ್ರ ಇದನ್ನು ಯೀಸ್ಟ್ ಸೋಂಕು ಎನ್ನುತ್ತದೆ. ಮುಕ್ಕಾಲು ಪಾಲು ಹೆಂಗಸರಿಗೆ ಜೀವಮಾನದಲ್ಲಿ ಒಮ್ಮೆಯಾದರೂ ಇದು ಬರುತ್ತದೆ ಎಂದು ಅಂದಾಜು.

ಈ ನಾಲ್ಕು ತಾಲ್ಲೂಕುಗಳು ಹಲವು ಭಾಷೆಗಳ ಸೀಮೆ. ಕನ್ನಡ, ಕೊಂಕಣಿ, ಮರಾಠಿ, ಉರ್ದು, ಲಂಬಾಣಿ ಮಾತುಗಳು ಒಂದೇ ಸಂತೆಯಲ್ಲಿ ಕೇಳಿಬರುತ್ತವೆ. ಜೋಯಿಡಾದ ಕುಣಬಿಗಳು, ಹಳಿಯಾಳದ ಸಿದ್ದಿಗಳು, ಗೌಳಿಗಳು, ದಾಂಡೇಲಿಯ ಕಾಗದದ ಕಾರ್ಖಾನೆಗೆ ನಾನಾ ಕಡೆಗಳಿಂದ ಬಂದು ನೆಲೆಸಿದವರು, 1966ರಿಂದ ಮುಂಡಗೋಡದಲ್ಲಿ ನೆಲೆ ಕಂಡ ಟಿಬೆಟನ್ನರು ಎಲ್ಲರೂ ಇಲ್ಲಿದ್ದಾರೆ. ಕನ್ನಡದ ಹೆಂಗಸರು ಈ ತೊಂದರೆಯನ್ನು ಬಿಳಿ ಸೆರಗು, ಬಿಳಿ ಮುಟ್ಟು, ಬಿಳುಪು ಹೋಗುವುದು ಎನ್ನುತ್ತಾರೆ. ಮರಾಠಿಯಲ್ಲಿ ‘ಅಂಗಾವರೂನ್ ಪಾಂಢರೆ ಜಾಣೆ’, ಅಂದರೆ ಮೈಯಿಂದ ಬಿಳಿ ಹೋಗುವುದು. ಸಂಸ್ಕೃತದಲ್ಲಿ ಶ್ವೇತಪ್ರದರ. ಡಾಕ್ಟರು ಚೀಟಿಯಲ್ಲಿ ಬರೆಯುವ ಲ್ಯೂಕೋರಿಯಾ ಎಂಬ ಗ್ರೀಕ್ ಮೂಲದ ಪದಕ್ಕೂ ಬಿಳಿಯ ಹರಿವು ಎಂದೇ ಅರ್ಥ.

ಎಲ್ಲ ಭಾಷೆಗಳೂ ಬಣ್ಣ ನೋಡಿ ಹೆಸರಿಟ್ಟವು. ತೊಡಕು ಆರಂಭವಾಗುವುದೂ ಇಲ್ಲಿಂದಲೇ. ಏಕೆಂದರೆ ‘ಬಿಳಿ’ ಎಂಬ ಈ ಒಂದೇ ಮಾತಿನೊಳಗೆ ಹಲವು ಬೇರೆ ಬೇರೆ ಸಂಗತಿಗಳು ಅಡಗಿವೆ. ಅವುಗಳಲ್ಲಿ ಒಂದು ರೋಗವೇ ಅಲ್ಲ. ಒಂದು ಯೀಸ್ಟಿನ ಸೋಂಕು. ಇನ್ನೊಂದು ಬ್ಯಾಕ್ಟೀರಿಯಾಗಳ ಏರುಪೇರು. ಮತ್ತೊಂದು ಗಂಡನಿಂದ ಹೆಂಡತಿಗೆ ದಾಟುವ ರೋಗ. ಅಪರೂಪಕ್ಕೆ ಗರ್ಭಕಂಠದ ಕ್ಯಾನ್ಸರಿನ ಮುನ್ಸೂಚನೆಯೂ ಇರಬಹುದು. ಇವನ್ನು ಒಂದರಿಂದೊಂದು ಬಿಡಿಸಿ ನೋಡಲು ಮನುಷ್ಯರಿಗೆ ಎರಡು ಸಾವಿರ ವರ್ಷ ಬೇಕಾಯಿತು.

ಸಂಹಿತೆಗಳ ಕಾಲ

ಬಿಡಿಸಿ ನೋಡುವ ಪ್ರಯತ್ನ ನಮ್ಮಲ್ಲಿ ಬಹಳ ಹಿಂದೆಯೇ ನಡೆದಿತ್ತು. ಚರಕ ಸಂಹಿತೆಯ ಚಿಕಿತ್ಸಾಸ್ಥಾನದ 30ನೆಯ ಅಧ್ಯಾಯ ಇಪ್ಪತ್ತು ಬಗೆಯ ಯೋನಿವ್ಯಾಪತ್ತುಗಳನ್ನು ಎಣಿಸುತ್ತದೆ. ಅವುಗಳಲ್ಲಿ ಕಫದಿಂದ ಬರುವ ಬಗೆಯ ಲಕ್ಷಣಗಳು ತುರಿಕೆ, ಲೋಳೆತನ, ಬಿಳಿಚಿದ ಬಣ್ಣ, ಅಲ್ಪ ನೋವು. ಇಂದಿನ ವೈದ್ಯರು ಯೀಸ್ಟ್ ಸೋಂಕೆಂದು ಗುರುತಿಸುವ ಚಿತ್ರಕ್ಕೆ ಇದು ಹತ್ತಿರ. ಬಸುರಿಯರಿಗೆ ಬರುವ ಬಿಳಿ ಸ್ರಾವವನ್ನು ಉಪಪ್ಲುತಾ ಎಂದು ಬೇರೆಯಾಗಿಯೇ ಹೆಸರಿಸಲಾಗಿದೆ. ಗರ್ಭಿಣಿಯರಲ್ಲಿ ಈ ತೊಂದರೆ ಹೆಚ್ಚು ಎಂಬುದನ್ನು ಆಧುನಿಕ ವಿಜ್ಞಾನ ಬಹಳ ತಡವಾಗಿ ವಿವರಿಸಿತು, ಆದರೆ ಗಮನಿಸಿದವರು ಹಿಂದೆಯೇ ಇದ್ದರು.

ಇದೇ ಅಧ್ಯಾಯ ಹೇಳುವ ಪುಷ್ಯಾನುಗ ಚೂರ್ಣವನ್ನು ಜೇನುತುಪ್ಪದೊಡನೆ, ಅಕ್ಕಿ ತೊಳೆದ ನೀರಿನೊಡನೆ ಕೊಡುವ ರೂಢಿಯಿದೆ. ಆಯುರ್ವೇದದ ಅಂಗಡಿಗಳಲ್ಲಿ ಆ ಚೂರ್ಣ ಇವತ್ತಿಗೂ ಸಿಗುತ್ತದೆ. ಮುಂಡಗೋಡದ ಟಿಬೆಟನ್ನರು ತಮ್ಮೊಡನೆ ತಂದ ವೈದ್ಯಪದ್ಧತಿಯ ಮೂಲಗ್ರಂಥ ಗ್ಯುಶಿಯೂ ಸ್ತ್ರೀರೋಗಗಳಿಗೆ ಪ್ರತ್ಯೇಕ ಅಧ್ಯಾಯಗಳನ್ನು ಮೀಸಲಿಟ್ಟಿದೆ.

ಮನೆಮಾತಿನಲ್ಲಿ ಇಷ್ಟು ವಿಂಗಡಣೆ ಉಳಿಯಲಿಲ್ಲ. ‘ಉಷ್ಣ ಆಗಿದೆ’ ಎಂಬ ಒಂದೇ ವಿವರಣೆ ಉಳಿಯಿತು. ಉಷ್ಣಕ್ಕೆ ಎಳನೀರು, ಮಜ್ಜಿಗೆ, ಮೆಂತ್ಯ ನೆನೆಸಿದ ನೀರು. ಇವುಗಳಿಂದ ಕೆಡುಕಿಲ್ಲ, ದೇಹಕ್ಕೆ ತಂಪೂ ಹೌದು. ಆದರೆ ಯೀಸ್ಟಿಗೆ ಅದರ ಗೊಡವೆಯಿಲ್ಲ.

ಸೂಕ್ಷ್ಮದರ್ಶಕದ ಕೆಳಗೆ

ಯೂರೋಪಿನಲ್ಲಿ ಈ ಕಥೆ ಆರಂಭವಾದದ್ದು ಹೆಂಗಸರಿಂದಲ್ಲ, ಎಳೆಗೂಸುಗಳ ಬಾಯಿಯಿಂದ. ಕೂಸುಗಳ ನಾಲಿಗೆಯ ಮೇಲೆ ಹಾಲಿನ ಕೆನೆಯಂತೆ ಕಟ್ಟುವ ಬಿಳಿ ಪದರವನ್ನು ಹಿಪ್ಪೊಕ್ರೆಟಿಸನ ಕಾಲದಿಂದಲೂ ವೈದ್ಯರು ಬಲ್ಲರು. 1839ರಲ್ಲಿ ಜರ್ಮನಿಯ ಬರ್ನಾರ್ಡ್ ಲಾಂಗೆನ್‌ಬೆಕ್ ಜ್ವರದಿಂದ ಸತ್ತ ರೋಗಿಯೊಬ್ಬನ ಗಂಟಲಲ್ಲಿ ಶಿಲೀಂಧ್ರ ಕಂಡ. ಆ ಜ್ವರಕ್ಕೆ ಅದೇ ಕಾರಣವೆಂದು ತಪ್ಪಾಗಿ ಭಾವಿಸಿದ. ಎರಡು ವರ್ಷಗಳ ನಂತರ ಸ್ವೀಡನ್ನಿನ ಫ್ರೆಡ್ರಿಕ್ ಬರ್ಗ್, 1842ರಲ್ಲಿ ಪ್ಯಾರಿಸ್ಸಿನಲ್ಲಿದ್ದ ಡೇವಿಡ್ ಗ್ರೂಬಿ, ಕೂಸುಗಳ ಬಾಯಿಹುಣ್ಣಿಗೆ ಶಿಲೀಂಧ್ರವೇ ಕಾರಣವೆಂದು ತೋರಿಸಿದರು. ಕಾಲರಾ, ಕ್ಷಯಗಳಿಗೆ ರೋಗಾಣು ಕಾರಣವೆಂದು ರಾಬರ್ಟ್ ಕಾಖ್ ಸಾಬೀತು ಮಾಡುವುದಕ್ಕೆ ನಾಲ್ಕು ದಶಕ ಮೊದಲೇ ನಡೆದ ಸಂಗತಿ ಇದು.

ಹೆಂಗಸರ ತೊಂದರೆಯತ್ತ ಸೂಕ್ಷ್ಮದರ್ಶಕ ಹೊರಳಿದ್ದೂ ಅದೇ ದಶಕಗಳಲ್ಲಿ. 1836ರಲ್ಲಿ ಪ್ಯಾರಿಸ್ಸಿನ ಆಲ್ಫ್ರೆಡ್ ಡೊನ್ನೆ ಯೋನಿಸ್ರಾವದಲ್ಲಿ ಬಾಲ ಬಡಿದುಕೊಂಡು ಓಡಾಡುವ ಏಕಾಣುಜೀವಿಯೊಂದನ್ನು ಕಂಡ. ಅದು ಟ್ರೈಕೊಮೊನಾಸ್, ಗಂಡುಹೆಣ್ಣಿನ ಸಂಪರ್ಕದಿಂದ ಹರಡುವ ರೋಗಾಣು. 1849ರಲ್ಲಿ ಇಂಗ್ಲೆಂಡಿನ ವಿಲ್ಕಿನ್ಸನ್ ಎಂಬ ವೈದ್ಯ ಯೋನಿಯ ಶಿಲೀಂಧ್ರ ಸೋಂಕನ್ನು ವರ್ಣಿಸಿದ. 1875ರಲ್ಲಿ ಜರ್ಮನಿಯ ಹೌಸ್‌ಮನ್, ಕೂಸಿನ ಬಾಯಿಯಲ್ಲಿ ಕಾಣುವುದೂ ತಾಯಿಯಲ್ಲಿ ಕಾಣುವುದೂ ಒಂದೇ ಶಿಲೀಂಧ್ರವೆಂದು ತೋರಿಸಿದ. ಮೂರನೆಯ ಬಗೆಯಾದ ಬ್ಯಾಕ್ಟೀರಿಯಾಗಳ ಏರುಪೇರನ್ನು ಅಮೆರಿಕದ ಗಾರ್ಡ್‌ನರ್ ಮತ್ತು ಡ್ಯೂಕ್ಸ್ ವಿವರಿಸಿದ್ದು 1955ರಲ್ಲಿ. ಹೀಗೆ ಒಂದೇ ಹೆಸರಿನ ಮೂರು ತೊಂದರೆಗಳು ಬೇರೆ ಬೇರೆಯಾಗಲು ನೂರಿಪ್ಪತ್ತು ವರ್ಷ ಹಿಡಿಯಿತು.

ಶಿಲೀಂಧ್ರಕ್ಕೆ ಇಂದಿನ ಹೆಸರು ಕೊಟ್ಟವಳು ಹಾಲೆಂಡಿನ ಕ್ರಿಸ್ಟೀನ್ ಬೆರ್ಕೌಟ್. 1923ರಲ್ಲಿ ತನ್ನ ಪ್ರಬಂಧದಲ್ಲಿ ಆಕೆ ಈ ಕುಲವನ್ನು ಕ್ಯಾಂಡಿಡಾ ಎಂದು ಕರೆದಳು. ಇವುಗಳಲ್ಲಿ ಹೆಚ್ಚು ಕಾಡುವುದು ಕ್ಯಾಂಡಿಡಾ ಅಲ್ಬಿಕನ್ಸ್. ಲ್ಯಾಟಿನ್ನಿನಲ್ಲಿ ಎರಡೂ ಪದಗಳ ಅರ್ಥ ಬಿಳಿ ಎಂದೇ. ವಿಜ್ಞಾನಿಗಳೂ ಕೊನೆಗೆ ಬಣ್ಣದ ಮೋಹದಿಂದ ತಪ್ಪಿಸಿಕೊಳ್ಳಲಿಲ್ಲ.

ಬೀಜಕ್ಕಿಂತ ನೆಲ ಮುಖ್ಯ

ರೋಗಾಣು ಸಿಕ್ಕಿತು ಎಂದರೆ ಕಾರಣ ಸಿಕ್ಕಿತು ಎಂದು ಹತ್ತೊಂಬತ್ತನೆಯ ಶತಮಾನ ನಂಬಿತ್ತು. ಕ್ಯಾಂಡಿಡಾದ ವಿಷಯದಲ್ಲಿ ಆ ಲೆಕ್ಕ ತಪ್ಪಿತು. ಕಾಲರಾ ಹೊರಗಿನಿಂದ ಬರುತ್ತದೆ, ಮಲೇರಿಯಾವನ್ನು ಸೊಳ್ಳೆ ತರುತ್ತದೆ. ಕ್ಯಾಂಡಿಡಾ ಹಾಗಲ್ಲ. ಅದು ಆರೋಗ್ಯವಂತರ ಬಾಯಲ್ಲಿ, ಕರುಳಲ್ಲಿ ಮೊದಲೇ ಬೀಡುಬಿಟ್ಟಿರುತ್ತದೆ. ಯಾವ ತೊಂದರೆಯೂ ಇಲ್ಲದ ಹೆಂಗಸರನ್ನು ಪರೀಕ್ಷಿಸಿದರೂ ನೂರಕ್ಕೆ ಹತ್ತಿಪ್ಪತ್ತು ಮಂದಿಯ ಯೋನಿಯಲ್ಲಿ ಅದು ಸಿಗುತ್ತದೆ. ಹಾಗಾದರೆ ಇಷ್ಟು ದಿನ ಸುಮ್ಮನಿದ್ದದ್ದು ಇದ್ದಕ್ಕಿದ್ದಂತೆ ಕೆರಳುವುದೇಕೆ?

ಅಡುಗೆಮನೆಯ ಇಡ್ಲಿ ಹಿಟ್ಟು ಇದಕ್ಕೆ ಒಳ್ಳೆಯ ನಿದರ್ಶನ. ರುಬ್ಬಿಟ್ಟ ಹಿಟ್ಟಿನಲ್ಲಿ ಹುಳಿ ತರಿಸುವ ಬ್ಯಾಕ್ಟೀರಿಯಾಗಳೂ ಯೀಸ್ಟುಗಳೂ ಒಟ್ಟಿಗೆ ಇರುತ್ತವೆ. ಯಾರ ಕೈ ಮೇಲಾಗುತ್ತದೆ ಎಂಬುದು ನೀರು, ಉಪ್ಪು, ಸೆಕೆಗಳನ್ನು ಹೊಂದಿಕೊಂಡಿದೆ. ಯೋನಿಯಲ್ಲಿಯೂ ಇಂಥದೇ ಒಂದು ಹೊಂದಾಣಿಕೆ ಇದೆ. 1892ರಲ್ಲಿ ಜರ್ಮನಿಯ ಆಲ್ಬರ್ಟ್ ಡೋಡರ್‌ಲೈನ್ ಅಲ್ಲಿ ಹುಳಿ ಉಂಟುಮಾಡುವ ಬ್ಯಾಕ್ಟೀರಿಯಾಗಳಿರುವುದನ್ನು ವಿವರಿಸಿದ. ಮೊಸರಿನ ಬ್ಯಾಕ್ಟೀರಿಯಾಗಳಿಗೆ ಇವು ದಾಯಾದಿಗಳು, ಆದರೆ ಅವೇ ಅಲ್ಲ. ಈಸ್ಟ್ರೋಜನ್ ಎಂಬ ಸ್ತ್ರೀ ಹಾರ್ಮೋನಿನ ಪ್ರಭಾವದಿಂದ ಯೋನಿಯ ಪದರದಲ್ಲಿ ಗ್ಲೈಕೊಜನ್ ಎಂಬ ಪಿಷ್ಟ ಕೂಡುತ್ತದೆ. ಅದನ್ನು ಉಂಡು ಈ ಬ್ಯಾಕ್ಟೀರಿಯಾಗಳು ಲ್ಯಾಕ್ಟಿಕ್ ಆಮ್ಲ ಮಾಡುತ್ತವೆ. ಅನೇಕ ಹೊರಗಿನ ರೋಗಾಣುಗಳು ಆ ಹುಳಿಯಲ್ಲಿ ಬಾಳಲಾರವು. ಕ್ಯಾಂಡಿಡಾ ಮಾತ್ರ ಹುಳಿಗೆ ಅಷ್ಟಾಗಿ ಬೆದರುವುದಿಲ್ಲ. ಅದನ್ನು ಹದ್ದಿನಲ್ಲಿಡುವುದು ಈ ನೆರೆಹೊರೆಯ ಒತ್ತಡ ಮತ್ತು ದೇಹದ ರಕ್ಷಣಾಶಕ್ತಿ.

ನೆಲ ಬದಲಾದಾಗ ಬೆಳೆ ಏಳುತ್ತದೆ. ಬಸುರಿನಲ್ಲಿ ಈಸ್ಟ್ರೋಜನ್ ಏರುವುದರಿಂದ ಯೀಸ್ಟಿಗೆ ಅನುಕೂಲ. ಮೈನೆರೆಯುವ ಮುಂಚೆ, ಮುಟ್ಟು ನಿಂತ ನಂತರ ಈ ಸೋಂಕು ಅಪರೂಪವಾಗಿರುವುದಕ್ಕೂ ಅದೇ ಕಾರಣ. ಹತೋಟಿಯಿಲ್ಲದ ಸಕ್ಕರೆ ಕಾಯಿಲೆ ಇನ್ನೊಂದು ದೊಡ್ಡ ಕಾರಣ. ಪದೇ ಪದೇ ತುರಿಕೆ ಎಂದು ಬಂದ ಹೆಂಗಸಿನಲ್ಲಿ ಮಧುಮೇಹ ಮೊದಲ ಬಾರಿಗೆ ಪತ್ತೆಯಾಗುವುದುಂಟು. ನೆಗಡಿ ಕೆಮ್ಮಿಗೆಲ್ಲ ಅಂಗಡಿಯಿಂದ ತಂದು ನುಂಗುವ ಆಂಟಿಬಯಾಟಿಕ್ ಮಾತ್ರೆಗಳು ಬ್ಯಾಕ್ಟೀರಿಯಾಗಳನ್ನು ಕೊಂದು ಯೀಸ್ಟಿಗೆ ಬಯಲು ಮಾಡಿಕೊಡುತ್ತವೆ. ದೀರ್ಘಕಾಲದ ಸ್ಟೀರಾಯ್ಡ್, ಈಸ್ಟ್ರೋಜನ್ ಹೆಚ್ಚಿರುವ ಗರ್ಭನಿರೋಧಕ ಮಾತ್ರೆ, ದೇಹದ ರಕ್ಷಣೆ ಕುಗ್ಗಿಸುವ ಎಚ್‌ಐವಿ ಇವೂ ಈ ಪಟ್ಟಿಯಲ್ಲಿವೆ.

2016ರಲ್ಲಿ ಇನ್ನೊಂದು ಗುಟ್ಟು ಬಯಲಾಯಿತು. ಗುಂಡಗೆ ಮೊಗ್ಗಿನಂತಿರುವ ಕ್ಯಾಂಡಿಡಾ ಕೆರಳಿದಾಗ ಉದ್ದನೆಯ ಎಳೆಗಳಾಗಿ ಚಾಚುತ್ತದೆ. ಆ ಎಳೆಗಳು ಕ್ಯಾಂಡಿಡಾಲೈಸಿನ್ ಎಂಬ ನಂಜನ್ನು ಸ್ರವಿಸಿ ಜೀವಕೋಶಗಳನ್ನು ಗಾಯಗೊಳಿಸುತ್ತವೆ ಎಂದು ವಿಜ್ಞಾನಿಗಳು ಕಂಡುಕೊಂಡರು. ಗಾಯದ ಕಡೆಗೆ ದೇಹದ ಬಿಳಿ ರಕ್ತಕಣಗಳು ಧಾವಿಸುತ್ತವೆ. ಹೆಂಗಸನ್ನು ಕಾಡುವ ಉರಿ, ಬಾವು ಬಹುಪಾಲು ಈ ಹೋರಾಟದ್ದೇ ಫಲ.

ಇದೆಲ್ಲದರ ಅರ್ಥ ಸರಳ. ಯೀಸ್ಟ್ ಸೋಂಕು ಕೊಳಕುತನದ ಗುರುತಲ್ಲ. ನಡತೆ ಕೆಟ್ಟದ್ದರ ಗುರುತೂ ಅಲ್ಲ. ಲೈಂಗಿಕ ರೋಗಗಳ ಸಾಲಿಗೆ ವೈದ್ಯರು ಇದನ್ನು ಸೇರಿಸುವುದಿಲ್ಲ, ಗಂಡನ ಸಂಪರ್ಕವೇ ಇಲ್ಲದ ಹೆಣ್ಣುಮಕ್ಕಳಿಗೂ ಬರಬಹುದು. ಹೆಂಡತಿಯ ಮೇಲೆ ಗಂಡ, ಗಂಡನ ಮೇಲೆ ಹೆಂಡತಿ ಸಂಶಯಪಟ್ಟು ಮನೆ ಮುರಿದುಕೊಳ್ಳಬೇಕಾದ ಕಾಯಿಲೆ ಇದಲ್ಲ. ಹಾಗೆಯೇ, ಸೋಪು ಹಾಕಿ ಒಳಗೆಲ್ಲ ತೊಳೆಯುವುದರಿಂದ ಹೋಗುವುದೂ ಇಲ್ಲ. ತೊಳೆದಷ್ಟೂ ಕಾವಲಿಗಿರುವ ಬ್ಯಾಕ್ಟೀರಿಯಾಗಳೇ ಕೊಚ್ಚಿಹೋಗುತ್ತವೆ.

ಮದ್ದು ಕಂಡವರು

ಆಂಟಿಬಯಾಟಿಕ್ಕುಗಳ ಯುಗ ಆರಂಭವಾದ ಮೇಲೆ ಯೀಸ್ಟಿನ ಕಾಟ ಹೆಚ್ಚಾಯಿತು. ಪೆನಿಸಿಲಿನ್ ಯೀಸ್ಟನ್ನು ಕೊಲ್ಲುವುದಿಲ್ಲ. ಇದಕ್ಕೆ ಮದ್ದು ಹುಡುಕಿದವರು ನ್ಯೂಯಾರ್ಕ್ ರಾಜ್ಯದ ಆರೋಗ್ಯ ಇಲಾಖೆಯ ಎಲಿಜಬೆತ್ ಹೇಜನ್ ಮತ್ತು ರೇಚಲ್ ಬ್ರೌನ್. ಇಬ್ಬರೂ ಬೇರೆ ಬೇರೆ ಊರುಗಳ ಪ್ರಯೋಗಾಲಯಗಳಲ್ಲಿದ್ದರು. ಮಣ್ಣಿನ ಮಾದರಿಗಳಿಂದ ಬೆಳೆಸಿದ ಸೂಕ್ಷ್ಮಜೀವಿಗಳನ್ನು ಟಪಾಲಿನಲ್ಲಿ ಕಳಿಸಿಕೊಳ್ಳುತ್ತ ಸಂಶೋಧನೆ ನಡೆಸಿದರು. 1950ರಲ್ಲಿ ಪ್ರಕಟಗೊಂಡ ಆ ಔಷಧಿಗೆ ತಮ್ಮ ರಾಜ್ಯದ ಹೆಸರಿನಿಂದ ನಿಸ್ಟಾಟಿನ್ ಎಂದು ಕರೆದರು. ಅದರಿಂದ ಬಂದ ಸುಮಾರು 1 ಕೋಟಿ 30 ಲಕ್ಷ ಡಾಲರ್ ಗೌರವಧನವನ್ನು ಇಬ್ಬರೂ ಸಂಶೋಧನೆಗೇ ಬಿಟ್ಟುಕೊಟ್ಟರು.

ಈ ಅಧ್ಯಾಯದಲ್ಲಿ ಕರ್ನಾಟಕದ ಪಾಲೂ ಇದೆ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿದ್ದು ಗಿಡಗಳ ತುಕ್ಕುರೋಗ, ಕಾಡಿಗೆರೋಗಗಳ ಶಿಲೀಂಧ್ರಗಳನ್ನು ಅಭ್ಯಾಸ ಮಾಡಿದ ಡಾ. ಎಂ.ಜೆ. ತಿರುಮಲಾಚಾರ್ ಮುಂದೆ ಪುಣೆಯ ಹತ್ತಿರದ ಪಿಂಪ್ರಿಯ ಹಿಂದೂಸ್ತಾನ್ ಆಂಟಿಬಯಾಟಿಕ್ಸ್ ಸಂಸ್ಥೆಯ ಸಂಶೋಧನಾ ವಿಭಾಗದ ಮುಖ್ಯಸ್ಥರಾದರು. 1960ರ ದಶಕದ ಆರಂಭದಲ್ಲಿ ಅವರ ತಂಡ ಮಣ್ಣಿನ ಸೂಕ್ಷ್ಮಜೀವಿಯೊಂದರಿಂದ ಹ್ಯಾಮೈಸಿನ್ ಎಂಬ ಶಿಲೀಂಧ್ರನಾಶಕವನ್ನು ಪಡೆಯಿತು. ಆ ಜೀವಿಗೆ ಪಿಂಪ್ರಿಯ ಹೆಸರನ್ನೇ ಇಟ್ಟರು. ಬಾಯಿಯ ಮತ್ತು ಯೋನಿಯ ಕ್ಯಾಂಡಿಡಾ ಸೋಂಕಿಗೆ ಅದು ಬಳಕೆಗೆ ಬಂತು. ಪೆನಿಸಿಲಿನ್ ತಯಾರಿಸಲೆಂದು ಕಟ್ಟಿದ ಕಾರ್ಖಾನೆಯೇ ಪೆನಿಸಿಲಿನ್ನಿನ ಹಿಂದೆ ಬರುವ ಯೀಸ್ಟಿಗೂ ಮದ್ದು ಕೊಟ್ಟಿತು. 1970ರ ದಶಕದಲ್ಲಿ ಕ್ಲೋಟ್ರಿಮಜೋಲ್, ಆಮೇಲೆ ಒಂದೇ ಗುಳಿಗೆಯ ಫ್ಲುಕೊನಜೋಲ್ ಬಂದು ಚಿಕಿತ್ಸೆ ಇನ್ನಷ್ಟು ಸುಲಭವಾಯಿತು. ಬಸುರಿಯರು ಮಾತ್ರ ಫ್ಲುಕೊನಜೋಲ್ ಗುಳಿಗೆಯನ್ನು ತಾವಾಗಿ ನುಂಗಬಾರದು, ಅವರಿಗೆ ಒಳಗೆ ಇಡುವ ಮದ್ದೇ ಸೂಕ್ತ.

ಹೇಳದ ಮಾತು, ಕೇಳದ ಕಿವಿ

ಕಾರಣ ತಿಳಿಯಿತು, ಮದ್ದೂ ಸಿಕ್ಕಿತು. ಆದರೆ ಅವು ಹಳ್ಳಿಯ ಹೆಂಗಸನ್ನು ತಲುಪಿದವೇ? 1989ರಲ್ಲಿ ಮಹಾರಾಷ್ಟ್ರದ ಗಡಚಿರೋಲಿಯ ಡಾ. ರಾಣಿ ಬಂಗ್ ಮತ್ತು ಸಂಗಡಿಗರು ಪ್ರಕಟಿಸಿದ ಅಧ್ಯಯನ ಜಗತ್ತನ್ನೇ ಬೆಚ್ಚಿಬೀಳಿಸಿತು. ಎರಡು ಹಳ್ಳಿಗಳ 650 ಹೆಂಗಸರನ್ನು ಪರೀಕ್ಷಿಸಿದಾಗ ನೂರಕ್ಕೆ 92 ಮಂದಿಗೆ ಒಂದಲ್ಲ ಒಂದು ಸ್ತ್ರೀರೋಗವಿತ್ತು. ಹಿಂದೆ ಎಂದಾದರೂ ವೈದ್ಯ ಪರೀಕ್ಷೆ ಮಾಡಿಸಿಕೊಂಡಿದ್ದವರು ನೂರಕ್ಕೆ 8 ಮಂದಿ ಮಾತ್ರ. ಅಲ್ಲಿಯವರೆಗೆ ಹಳ್ಳಿಯ ಹೆಂಗಸಿನ ಆರೋಗ್ಯವೆಂದರೆ ಹೆರಿಗೆ ಮತ್ತು ಕುಟುಂಬ ಯೋಜನೆ ಎಂದೇ ಸರಕಾರಗಳು ತಿಳಿದಿದ್ದವು.

ಜೋಯಿಡಾದ ಗಡಿಯಾಚೆಯ ಗೋವಾದಲ್ಲಿ ನಡೆದ, 2005ರಲ್ಲಿ ಪ್ರಕಟವಾದ ಅಧ್ಯಯನ ಇನ್ನೊಂದು ಮುಖ ತೋರಿಸಿತು. ಡಾ. ವಿಕ್ರಮ್ ಪಟೇಲ್ ಮತ್ತು ಸಂಗಡಿಗರು ಸುಮಾರು 2,500 ಹೆಂಗಸರನ್ನು ವಿಚಾರಿಸಿದಾಗ ಏಳರಲ್ಲಿ ಒಬ್ಬರು ಬಿಳಿ ಹೋಗುವ ದೂರು ಹೇಳಿದರು. ಆ ದೂರಿಗೂ ಸೋಂಕಿಗೂ ಇದ್ದ ನಂಟಿಗಿಂತ, ಆ ದೂರಿಗೂ ಮನಸ್ಸಿನ ಬೇಗುದಿಗೂ ಇದ್ದ ನಂಟು ಬಲವಾಗಿತ್ತು. ಅಮೆರಿಕದ ಮಾನವಶಾಸ್ತ್ರಜ್ಞ ಮಾರ್ಕ್ ನಿಕ್ಟರ್ 1981ರಲ್ಲೇ ದಕ್ಷಿಣ ಕನ್ನಡದ ಹವ್ಯಕ ಹೆಂಗಸರ ಬಗ್ಗೆ ಇಂಥದೇ ಮಾತು ಬರೆದಿದ್ದರು. ಬಾಯಿಬಿಟ್ಟು ಹೇಳಲಾಗದ ಸಂಕಟವನ್ನು ಹೆಂಗಸು ಮೈಯ ದೂರಿನ ಭಾಷೆಯಲ್ಲಿ ಹೇಳುತ್ತಾಳೆ, ಬಿಳಿ ಹೋಗುವುದೂ ಅಂಥದೊಂದು ಭಾಷೆ ಎಂಬುದು ಅದರ ಸಾರ. ಅಂದರೆ ‘ಬಿಳಿ’ ಎಂಬ ಮಾತಿನೊಳಗೆ ರೋಗಾಣುಗಳಷ್ಟೇ ಅಲ್ಲ, ದುಡಿಮೆಯ ದಣಿವು, ಮನೆಯ ಕಷ್ಟಗಳೂ ಇರಬಹುದು.

ಪ್ರಯೋಗಾಲಯವಿಲ್ಲದ ಕಡೆ ಏನು ಮಾಡುವುದು? ವಿಶ್ವ ಆರೋಗ್ಯ ಸಂಸ್ಥೆ ಇದಕ್ಕೆ ಒಂದು ಉಪಾಯ ಸೂಚಿಸಿತು. ಲಕ್ಷಣ ನೋಡಿ, ಅದಕ್ಕೆ ಕಾರಣವಾಗಬಹುದಾದ ಎಲ್ಲ ರೋಗಾಣುಗಳಿಗೂ ಒಟ್ಟಿಗೆ ಮದ್ದು ಕೊಡುವುದು. ಭಾರತದಲ್ಲಿ ಅದು ಬಣ್ಣದ ಪೊಟ್ಟಣಗಳ ರೂಪ ತಾಳಿತು. ಬಿಳಿ ಸ್ರಾವಕ್ಕೆ ಹಸಿರು ಪೊಟ್ಟಣ, ಅದರಲ್ಲಿ ಬ್ಯಾಕ್ಟೀರಿಯಾ ಮತ್ತು ಟ್ರೈಕೊಮೊನಾಸ್‌ಗೆಂದು ಸೆಕ್ನಿಡಜೋಲ್, ಯೀಸ್ಟಿಗೆಂದು ಫ್ಲುಕೊನಜೋಲ್. ಇದರಿಂದ ಲಕ್ಷಾಂತರ ಹೆಂಗಸರಿಗೆ ಉಪಕಾರವಾಗಿದೆ. ಆದರೆ ಯಾವ ಸೋಂಕೂ ಇಲ್ಲದವಳೂ ಮಾತ್ರೆ ನುಂಗುತ್ತಾಳೆ. ಸಕ್ಕರೆ ಕಾಯಿಲೆಯಿಂದ ಮತ್ತೆ ಮತ್ತೆ ಸೋಂಕು ಬರುವವಳ ಮೂಲ ಕಾರಣ ಹಾಗೆಯೇ ಉಳಿಯುತ್ತದೆ.

ಕಾರಣ ಕೇಳದ ಚಿಕಿತ್ಸೆ ದುಬಾರಿಯಾಗಿ ಪರಿಣಮಿಸಿದ್ದೂ ಉಂಟು. ಕಲಬುರ್ಗಿ ಸೀಮೆಯ ತಾಂಡಾಗಳ ಹೆಂಗಸರು ತಮ್ಮ ಗರ್ಭಕೋಶಗಳನ್ನು ಅನಗತ್ಯವಾಗಿ ತೆಗೆಯಲಾಗಿದೆ ಎಂದು 2015ರಲ್ಲಿ ಬೀದಿಗಿಳಿದರು. ಮುಂಡಗೋಡದ ನೆರೆಯ ಹಾವೇರಿ ಜಿಲ್ಲೆಯ ಹೆಂಗಸರಿಂದಲೂ ಇಂಥ ದೂರು ಬಂತು. ಬಿಳಿ ಹೋಗುವುದು, ಸೊಂಟ ನೋವು ಎಂದು ಹೋದವರಿಗೆ ಕ್ಯಾನ್ಸರಿನ ಹೆದರಿಕೆ ಹುಟ್ಟಿಸಿ ಶಸ್ತ್ರಚಿಕಿತ್ಸೆ ಮಾಡುವ ಚಾಳಿಯ ಬಗ್ಗೆ ದೇಶದ ಹಲವೆಡೆ ಆಪಾದನೆ ಕೇಳಿಬಂದು, 2023ರಲ್ಲಿ ಸುಪ್ರೀಂ ಕೋರ್ಟು ಇದನ್ನು ತಡೆಯುವ ಮಾರ್ಗಸೂಚಿ ಜಾರಿಗೆ ತರುವಂತೆ ರಾಜ್ಯಗಳಿಗೆ ಸೂಚಿಸಿತು. ಯೀಸ್ಟ್ ಇರುವುದು ಯೋನಿಯಲ್ಲಿ, ಗರ್ಭಕೋಶದಲ್ಲಲ್ಲ. ಗರ್ಭಕೋಶ ತೆಗೆದರೆ ಅದು ಹೋಗುವುದಿಲ್ಲ ಎಂಬ ಸಣ್ಣ ತಿಳಿವಳಿಕೆ ಎಷ್ಟೋ ಹೆಂಗಸರನ್ನು ಉಳಿಸಬಹುದಿತ್ತು.

ಮಳೆಗಾಲದ ಬಟ್ಟೆ

ಘಟ್ಟದ ಮಳೆಗಾಲವನ್ನು ಬಲ್ಲವರಿಗೆ ಇನ್ನೊಂದು ಸಂಗತಿ ಅರ್ಥವಾದೀತು. ಜೋಯಿಡಾದ ಕಡೆ ಮಳೆ ಹಿಡಿದರೆ ವಾರಗಟ್ಟಲೆ ಬಿಸಿಲಿಲ್ಲ. ಹಗಲೆಲ್ಲ ಗದ್ದೆಯ ಕೆಸರಿನಲ್ಲಿ ಒದ್ದೆ ಸೀರೆ. ಮುಟ್ಟಿನ ಬಟ್ಟೆಯನ್ನು ಹತ್ತು ಜನರ ಕಣ್ಣಿಗೆ ಬೀಳುವಂತೆ ಒಣಹಾಕುವ ರೂಢಿಯಂತೂ ಇಲ್ಲವೇ ಇಲ್ಲ, ಅದು ಮೂಲೆಯಲ್ಲಿ, ಇನ್ನೊಂದು ಬಟ್ಟೆಯ ಮರೆಯಲ್ಲಿ ಅರೆಬರೆ ಒಣಗುತ್ತದೆ. ಒಡಿಶಾದ ಆಸ್ಪತ್ರೆಗಳಿಗೆ ಬಂದ ಹೆಂಗಸರನ್ನು ಕುರಿತು 2018ರಲ್ಲಿ ಪ್ರಕಟವಾದ ಅಧ್ಯಯನ, ಮತ್ತೆ ಮತ್ತೆ ಬಳಸುವ ಬಟ್ಟೆಯನ್ನು ಮನೆಯೊಳಗೆ ಒಣಗಿಸುವುದಕ್ಕೂ ಕ್ಯಾಂಡಿಡಾ ಸೋಂಕಿಗೂ ನಂಟು ಕಂಡಿತು. ಬಟ್ಟೆ ಕೆಟ್ಟದ್ದಲ್ಲ. ಅದನ್ನು ಬಿಸಿಲಿನಿಂದ ಮರೆಮಾಡುವ ನಾಚಿಕೆ ಕೆಟ್ಟದ್ದು. ಬಿಸಿಲಿಲ್ಲದ ದಿನಗಳಲ್ಲಿ ಒಲೆಯ ಕಾವಿಗಾದರೂ ಪೂರ್ತಿ ಒಣಗಿಸುವುದು, ಇಸ್ತ್ರಿ ಹಾಕುವುದು ಮೇಲು.

ಉಳಿದಂತೆ ಹೆಂಗಸು ತಿಳಿದಿರಬೇಕಾದದ್ದು ಹೆಚ್ಚಿಲ್ಲ. ತಿಂಗಳ ನಡುವೆ, ಬಸುರಿನಲ್ಲಿ ವಾಸನೆಯಿಲ್ಲದ, ತುರಿಕೆಯಿಲ್ಲದ ಬಿಳಿ ಸ್ರಾವ ಸಹಜ. ತುರಿಕೆಯೊಡನೆ ಗಟ್ಟಿ ಬಿಳಿ ಸ್ರಾವವಿದ್ದರೆ ಯೀಸ್ಟ್ ಇರಬಹುದು. ಮೀನಿನಂಥ ವಾಸನೆ, ಹಸಿರು ಹಳದಿ ಬಣ್ಣ, ಕಿಬ್ಬೊಟ್ಟೆ ನೋವು, ರಕ್ತ ಕಂಡರೆ ಅದು ಬೇರೆ, ವೈದ್ಯರ ಬಳಿ ಹೋಗಲೇಬೇಕು. ವರ್ಷಕ್ಕೆ ಮೂರು ನಾಲ್ಕು ಸಲ ಮರುಕಳಿಸಿದರೆ ರಕ್ತದ ಸಕ್ಕರೆ ನೋಡಿಸಬೇಕು. ಅಂಗಡಿಯಲ್ಲಿ ಕೊಡುವ ಸ್ಟೀರಾಯ್ಡ್ ಬೆರೆತ ಮುಲಾಮು ತುರಿಕೆಯನ್ನು ಮರೆಸೀತು, ಯೀಸ್ಟನ್ನು ಬೆಳೆಸೀತು.

ಇನ್ನು ಆಸ್ಪತ್ರೆಗಳು ಮಾಡಬೇಕಾದದ್ದು. ಇದನ್ನು ಗುರುತಿಸಲು ದೊಡ್ಡ ಯಂತ್ರ ಬೇಕಿಲ್ಲ. ಸ್ರಾವದ ಹುಳಿ ಅಳೆಯುವ ಬಣ್ಣದ ಕಾಗದದ ಒಂದು ತುಂಡು ಸಾಕು, ಯೀಸ್ಟಿನಲ್ಲಿ ಹುಳಿ ಸಾಮಾನ್ಯವಾಗಿ ಹಾಗೆಯೇ ಇರುತ್ತದೆ, ಉಳಿದೆರಡರಲ್ಲಿ ತಗ್ಗುತ್ತದೆ. ಗಾಜಿನ ಮೇಲೆ ಒಂದು ಹನಿ ಸ್ರಾವ, ಒಂದು ಹನಿ ಪೊಟ್ಯಾಸಿಯಮ್ ಹೈಡ್ರಾಕ್ಸೈಡ್ ಇಟ್ಟು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಯೀಸ್ಟಿನ ಮೊಗ್ಗುಗಳೂ ಎಳೆಗಳೂ ಹಲವು ಬಾರಿ ಕಣ್ಣಿಗೇ ಬೀಳುತ್ತವೆ. ಗ್ರೂಬಿ ನೋಡಿದ್ದೂ ಹೀಗೆಯೇ. ಮಲೇರಿಯಾದ ರಕ್ತಲೇಪ ನೋಡಲು, ಕ್ಷಯದ ಕಫ ನೋಡಲು ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೆ ಸೂಕ್ಷ್ಮದರ್ಶಕ ಬಂದು ದಶಕಗಳೇ ಕಳೆದಿವೆ. ಜ್ವರದ ಕಾರಣ ಹುಡುಕಲು ಈ ಕಾಡಿನ ಸೀಮೆಗೆ ಬಂದ ಆ ಗಾಜಿನ ಕಣ್ಣನ್ನು ಹೆಂಗಸರ ದೂರಿನತ್ತ ಹೊರಳಿಸಲು ಹೆಚ್ಚಿನ ಖರ್ಚಿಲ್ಲ. ಬೇಕಾದದ್ದು ಅವರ ಭಾಷೆಯಲ್ಲಿ ಕೇಳುವ ಒಬ್ಬ ನರ್ಸಮ್ಮ, ಹೇಳಿಕೊಳ್ಳಲು ಬಾಗಿಲು ಮುಚ್ಚಿದ ಒಂದು ಕೋಣೆ, ಮತ್ತು ‘ಬಿಳಿ’ ಎಂದೊಡನೆ ಮಾತ್ರೆ ಬರೆಯದೆ ಯಾವ ಬಿಳಿ ಎಂದು ಕೇಳುವ ತಾಳ್ಮೆ.